ಕಾಲುಸಂಕದ ಕೆಲಸದಲ್ಲಿ ‘ಸ್ಲಿಪ್ಪೇಜ್’ ಅಂತೆ. ಹಾಗಂದ್ರೆ ಏನು, ನಾವು ಏನು ಕೇಳಬೇಕು?

ತೋಟದವ_ತೀರ್ಥಹಳ್ಳಿ

ನಮ್ಮೂರ ಹಳ್ಳಕ್ಕೆ ಒಂದು ಕಾಲುಸಂಕ, ಅಂದ್ರೆ ನಡೆದು ದಾಟುವ ಸಣ್ಣ ಸೇತುವೆ, ಮಂಜೂರಾಗಿದೆ. ಹಳ್ಳದ ಆಚೆ ಒಂದಷ್ಟು ಮನೆಗಳಿವೆ. ಅಲ್ಲಿನ ಮಕ್ಕಳು ಮಳೆಗಾಲದಲ್ಲಿ ಅಡಿಕೆ ಮರ ಅಡ್ಡ ಹಾಕಿ ಕಟ್ಟಿದ ಸಂಕ ದಾಟಿ ಶಾಲೆಗೆ ಬರುತ್ತಾರೆ. ಹೊಸ ಸಂಕ ಕಳೆದ ಬೇಸಿಗೆಯಲ್ಲೇ ಮುಗಿಯಬೇಕಿತ್ತು. ಎರಡೂ ದಡದಲ್ಲಿ ಗುಂಡಿ ತೋಡಿ ಕಬ್ಬಿಣ ನಿಲ್ಲಿಸಿದ್ದಾರೆ, ಅಷ್ಟೇ.

ಮೊನ್ನೆ ಗ್ರಾಮಸಭೆಯಲ್ಲಿ ಕೇಳಿದೆವು. ಒಂದು ಹಾಳೆ ತೆಗೆದು ಓದಿದರು. ‘ಕಾಮಗಾರಿಯಲ್ಲಿ ಸ್ಲಿಪ್ಪೇಜ್ ಇದೆ’ ಎಂದಿತ್ತು. ಅಲ್ಲಿಗೆ ಮಾತು ನಿಂತಿತು. ಎದ್ದು ಕೇಳೋಣ ಅಂದ್ರೆ ಏನು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಮನೆಗೆ ಬಂದು ನೋಡಿದರೆ ಬ್ಯಾಂಕಿನ ವಾರ್ಷಿಕ ವರದಿಯಲ್ಲೂ ಅದೇ ಪದ. ತಮ್ಮನ ಮಗ ಷೇರು ವ್ಯವಹಾರದ ಬಗ್ಗೆ ಮಾತಾಡುವಾಗಲೂ ಅದೇ ಪದ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಮುಂದಿನ ಸಭೆಯಲ್ಲಿ ಸುಮ್ನೆ ಕೂರುವುದಕ್ಕೆ ನನಗೆ ಇಷ್ಟವಿಲ್ಲ. ಜೂನ್ ದೂರ ಇಲ್ಲ.

ಸೈಟ್_ಎಂಜಿನಿಯರ್_ಶಿವಮೊಗ್ಗ

ಕಟ್ಟಡದ ಕೆಲಸದಲ್ಲಿ ಇದಕ್ಕೆ ಒಂದೇ ಅರ್ಥ. ಇಂಥ ದಿನಕ್ಕೆ ಇಷ್ಟು ಕೆಲಸ ಆಗಿರಬೇಕು ಅಂತ ಮೊದಲು ಒಂದು ವೇಳಾಪಟ್ಟಿ ಒಪ್ಪಿಕೊಂಡಿರುತ್ತಾರೆ. ನಿಜವಾಗಿ ಆದ ಕೆಲಸ ಅದಕ್ಕಿಂತ ಎಷ್ಟು ಹಿಂದೆ ಬಿದ್ದಿದೆ ಅನ್ನುವುದೇ ಸ್ಲಿಪ್ಪೇಜ್. ಹಾಗಾಗಿ ‘ಸ್ಲಿಪ್ಪೇಜ್ ಇದೆ’ ಅನ್ನುವುದು ಅರ್ಧ ಮಾತು. ಯಾವ ವೇಳಾಪಟ್ಟಿಗೆ ಹೋಲಿಸಿದರೆ? ಎಷ್ಟು ದಿನ? ಯಾವ ಹಂತದಲ್ಲಿ? ಇಷ್ಟೂ ಇಲ್ಲದೆ ಆ ವಾಕ್ಯಕ್ಕೆ ಬೆಲೆ ಇಲ್ಲ.

ಮಲೆನಾಡಿನಲ್ಲಿ ಇನ್ನೊಂದು ವಿಷಯ ಇದೆ, ಬಯಲುಸೀಮೆಯವರಿಗೆ ಇದು ಬೇಗ ಅರ್ಥ ಆಗುವುದಿಲ್ಲ. ಇಲ್ಲಿ ತಡ ಅನ್ನುವುದು ದಿನದ ಲೆಕ್ಕದಲ್ಲಿ ಬೆಳೆಯುವುದಿಲ್ಲ. ನಿಮ್ಮ ಸಂಕವನ್ನೇ ತೆಗೆದುಕೊಳ್ಳಿ. ಸ್ಲ್ಯಾಬ್ ಹಾಕಬೇಕು ಅಂದ್ರೆ ಹಳ್ಳದ ತಳದಿಂದಲೇ ಸೆಂಟ್ರಿಂಗ್ ಕಂಬ ನಿಲ್ಲಿಸಬೇಕು. ಕಾಂಕ್ರೀಟ್ ಸುರಿದ ಮೇಲೆ ಆ ಕಂಬಗಳನ್ನು ಎರಡು ಮೂರು ವಾರ ತೆಗೆಯುವ ಹಾಗಿಲ್ಲ. ಅಷ್ಟರೊಳಗೆ ಹಳ್ಳ ಬಂದರೆ ಕಂಬವೂ ಹೋಯಿತು, ಸ್ಲ್ಯಾಬೂ ಹೋಯಿತು. ಅದಕ್ಕೇ ಏಪ್ರಿಲ್ ಮುಗಿಯುವುದರೊಳಗೆ ಸ್ಲ್ಯಾಬ್ ಆಗಿಬಿಡಬೇಕು. ಮಾರ್ಚ್‌ನಲ್ಲಿ ಒಂದು ತಿಂಗಳು ತಪ್ಪಿತು ಅಂತ ಇಟ್ಟುಕೊಳ್ಳಿ, ಕೆಲಸ ಮೇ ಕೊನೆಗೆ ಹೋಗುವುದಿಲ್ಲ. ನೀರು ಇಳಿದ ಮೇಲೆ, ಅಂದ್ರೆ ಡಿಸೆಂಬರಿಗೆ ಹೋಗುತ್ತದೆ. ಒಂದು ತಿಂಗಳು ತಪ್ಪಿದ್ದಕ್ಕೆ ಕಳೆದುಕೊಳ್ಳುವುದು ಏಳೆಂಟು ತಿಂಗಳು. ಕಾಗದದಲ್ಲಿ ಮಾತ್ರ ‘ಒಂದು ತಿಂಗಳ ಸ್ಲಿಪ್ಪೇಜ್’ ಅಂತಲೇ ಇರುತ್ತದೆ.

ಅಡಿಕೆ_ಸುಲಿಯೋರು

ಏಳೆಂಟು ತಿಂಗಳ ಲೆಕ್ಕ ಸರಿಯಾಗಿದೆ. ನಮ್ಮ ಕಡೆ ಹೀಗೇ ಆಗಿ ಒಂದು ಮೋರಿಗೆ ಎರಡು ಮಳೆಗಾಲ ಹೋಯಿತು.

ಸಣ್ಣ_ಗುತ್ತಿಗೆ_ಹೊಸನಗರ

ಎಲ್ಲರೂ ಕಂಟ್ರಾಕ್ಟರ್ ಮೇಲೆ ಬೀಳುವ ಮೊದಲು ನಮ್ಮ ಕಡೆಯ ಮಾತನ್ನೂ ಕೇಳಿ. ನಾನು ಸಣ್ಣ ಸಣ್ಣ ಕೆಲಸ ಮಾಡುವವನು. ನವೆಂಬರ್‌ನಲ್ಲಿ ಮಳೆ ನಿಲ್ಲುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಅಡಿಕೆ ಗೊನೆ ಕೊಯ್ಲು, ಅಡಿಕೆ ಸುಲಿಯುವುದು. ಆಳುಗಳು ಎಲ್ಲಿ ಸಿಗುತ್ತಾರೆ? ಮರಳಿಗೆ ಪರದಾಟ. ನಕ್ಷೆಗೆ ಸಹಿ ಆಗುವುದೇ ಜನವರಿ. ಹಿಂದಿನ ಬಿಲ್ ಬಂದಿರುವುದಿಲ್ಲ, ಕೈಯಿಂದ ದುಡ್ಡು ಹಾಕಿ ಸಿಮೆಂಟ್ ತರಬೇಕು. ಕೊನೆಗೆ ಹಾಳೆಯಲ್ಲಿ ಬರುವುದು ಮಾತ್ರ ‘ಗುತ್ತಿಗೆದಾರರಿಂದ ವಿಳಂಬ’.

ತಡಕ್ಕೆ ಯಾರು ಕಾರಣ ಅನ್ನುವುದು ಆ ಪದದಲ್ಲಿ ಇಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು.

ತೋಟದವ_ತೀರ್ಥಹಳ್ಳಿ

ನೀವು ಹೇಳುವುದು ನ್ಯಾಯ. ಬಿಲ್ ತಡವಾದರೆ ನೀವೇನು ಮಾಡುತ್ತೀರಿ, ಒಪ್ಪಿದೆ. ಆದರೆ ‘ಮಳೆಯಿಂದಾಗಿ ವಿಳಂಬ’ ಅಂತ ಬರೆಯುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆಗುಂಬೆ ಪಕ್ಕದಲ್ಲೇ ಕೂತು ಜುಲೈನಲ್ಲಿ ಮಳೆ ಬಂತು ಅಂದ್ರೆ ಅದು ಕಾರಣ ಹೇಗಾಗುತ್ತದೆ? ವೇಳಾಪಟ್ಟಿ ಬರೆಯುವಾಗಲೇ ಅದನ್ನು ಬಿಟ್ಟು ಬರೆಯಬೇಕಿತ್ತು.

ಸೈಟ್_ಎಂಜಿನಿಯರ್_ಶಿವಮೊಗ್ಗ

ಹೌದು. ಗೊತ್ತಿರುವ ಮಳೆಗಾಲ ವೇಳಾಪಟ್ಟಿಯ ಒಳಗೇ ಇರಬೇಕು. ಅಕಾಲದಲ್ಲಿ ಬಂದ ಪ್ರವಾಹ ಬೇರೆ. ಎರಡನ್ನೂ ಬೆರೆಸಬಾರದು.

ಬಸ್_ಸ್ಟ್ಯಾಂಡ್_ಸಾಗರ

ದೊಡ್ಡ ಕೆಲಸಗಳ ಕಥೆಯೂ ಇದೇ ಅಲ್ವಾ. ಸಿಗಂದೂರು ಸೇತುವೆಗೆ ಕಲ್ಲು ಹಾಕಿದ್ದು 2018ರಲ್ಲಿ. ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ಅಲ್ಲಿಯವರೆಗೆ ಹಿನ್ನೀರಿನ ಜನ ಲಾಂಚ್ ಕಾಯುತ್ತಲೇ ಇದ್ದರು. ಆ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಅಲ್ಲಿಂದ ಲೆಕ್ಕ ಹಾಕಿದರೆ ಎಷ್ಟು ತಡ?

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣವೂ ಹಾಗೇ. 2008ರಲ್ಲಿ ಶುರು, ಮಧ್ಯೆ ವರ್ಷಗಟ್ಟಲೆ ನಿಂತೇ ಹೋಯಿತು. 2020ರಲ್ಲಿ ಮತ್ತೆ ಶುರು, 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ.

ಲೆಕ್ಕಾಚಾರ_ಭದ್ರಾವತಿ

ಸಾಗರದವರೇ, ನಿಮ್ಮ ಲೆಕ್ಕದಲ್ಲೇ ಸಮಸ್ಯೆ ಕಾಣುತ್ತಿದೆ ನೋಡಿ. 1964ರಿಂದ ಎಣಿಸಿದರೆ ಅದು ಜನರಿಗೆ ಆದ ಅನ್ಯಾಯದ ಲೆಕ್ಕ, ನಿಜವಾದದ್ದೇ. ಆದರೆ ಕಾಮಗಾರಿಯ ಸ್ಲಿಪ್ಪೇಜ್ ಅಲ್ಲ. ಕಲ್ಲು ಹಾಕಿದ ದಿನದಿಂದ ಎಣಿಸುವುದೂ ಸರಿಯಲ್ಲ. ಒಪ್ಪಂದದಲ್ಲಿ ಕೆಲಸ ಶುರು ಮಾಡಬೇಕಾದ ದಿನ ಮತ್ತು ಮುಗಿಸಬೇಕಾದ ದಿನ ಇರುತ್ತದೆ, ಅಲ್ಲಿಂದ ಎಣಿಸಬೇಕು. ವಿಮಾನ ನಿಲ್ದಾಣಕ್ಕೂ ಎರಡು ಕೊನೆ ಇದೆ. ಉದ್ಘಾಟನೆ ಫೆಬ್ರವರಿಯಲ್ಲಿ, ಮೊದಲ ಪ್ರಯಾಣಿಕರ ವಿಮಾನ ಬಂದದ್ದು 2023ರ ಆಗಸ್ಟ್ 31ಕ್ಕೆ. ಯಾವುದನ್ನು ಮುಗಿದ ದಿನ ಅನ್ನುತ್ತೀರಿ?

ಬಸ್_ಸ್ಟ್ಯಾಂಡ್_ಸಾಗರ

ವಿಮಾನ ಹತ್ತುವವನಿಗೆ ಆಗಸ್ಟೇ. ಇದರಲ್ಲಿ ನನಗೆ ಅನುಮಾನ ಇಲ್ಲ.

ನಿವೃತ್ತ_ಬ್ಯಾಂಕ್_ಸೊರಬ

ಬ್ಯಾಂಕಿನ ಸ್ಲಿಪ್ಪೇಜ್ ಬಗ್ಗೆ ನಾನು ಹೇಳುತ್ತೇನೆ. ಸರಿಯಾಗಿ ಕಟ್ಟುತ್ತಿದ್ದ ಸಾಲ ಆ ವರ್ಷದಲ್ಲಿ ಹೊಸದಾಗಿ ಕೆಟ್ಟ ಸಾಲ, ಅಂದ್ರೆ ಎನ್‌ಪಿಎ ಆದರೆ ಅದು ಸ್ಲಿಪ್ಪೇಜ್. ವರ್ಷದ ಶುರುವಿನಲ್ಲಿ ಸರಿಯಾಗಿದ್ದ ಸಾಲ 1,000 ಕೋಟಿ ಇತ್ತು, ಅದರಲ್ಲಿ 20 ಕೋಟಿ ಕೆಟ್ಟಿತು ಅಂದ್ರೆ ಸ್ಲಿಪ್ಪೇಜ್ ಶೇ. 2.

ಜನ ಸಾಮಾನ್ಯವಾಗಿ ಒಟ್ಟು ಎನ್‌ಪಿಎ ನೋಡಿ ಸಮಾಧಾನ ಪಟ್ಟುಕೊಳ್ಳುತ್ತಾರೆ. ದೇಶದ ವಾಣಿಜ್ಯ ಬ್ಯಾಂಕುಗಳಲ್ಲಿ ಅದು 2018ರ ಮಾರ್ಚ್‌ನಲ್ಲಿ ಶೇ. 11.2 ಇತ್ತು. 2024ರ ಮಾರ್ಚ್ ಹೊತ್ತಿಗೆ ಶೇ. 2.8ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಹಳೆಯ ಕೆಟ್ಟ ಸಾಲವನ್ನು ಲೆಕ್ಕದಿಂದ ತೆಗೆದುಹಾಕಿದರೂ ಆ ಸಂಖ್ಯೆ ಇಳಿಯುತ್ತದೆ. ಹೊಸದಾಗಿ ಎಷ್ಟು ಕೆಡುತ್ತಿದೆ ಅಂತ ತಿಳಿಯಬೇಕಾದರೆ ಸ್ಲಿಪ್ಪೇಜ್ ಸಾಲನ್ನೇ ಹುಡುಕಬೇಕು. ನಾನಾದರೆ ವರದಿ ತೆರೆದ ಕೂಡಲೇ ಅದನ್ನೇ ಮೊದಲು ನೋಡುತ್ತೇನೆ.

ಕೊಪ್ಪದ_ಹುಡುಗಿ

90 ದಿನ ಕಂತು ಕಟ್ಟದಿದ್ದರೆ ಎನ್‌ಪಿಎ ಅಲ್ವಾ ಸರ್? ಹಾಗಾದ್ರೆ ನಮ್ಮ ಅಪ್ಪನ ಬೆಳೆಸಾಲಕ್ಕೂ ಅದೇ ಲೆಕ್ಕವಾ? ಎಲೆಚುಕ್ಕಿ ರೋಗ ಬಂದು ಈ ಸಲ ತೋಟ ಅರ್ಧಕ್ಕರ್ಧ ಹಾಳು.

ನಿವೃತ್ತ_ಬ್ಯಾಂಕ್_ಸೊರಬ

ಇಲ್ಲಮ್ಮ. 90 ದಿನದ ಲೆಕ್ಕ ಮನೆಸಾಲ, ವಾಹನ ಸಾಲ, ವ್ಯಾಪಾರದ ಸಾಲಗಳಿಗೆ. ಬೆಳೆಸಾಲಕ್ಕೆ ಬೆಳೆಯ ಹಂಗಾಮು ನೋಡುತ್ತಾರೆ. ಭತ್ತದಂಥ ಅಲ್ಪಾವಧಿ ಬೆಳೆಗೆ ಎರಡು ಹಂಗಾಮು ಬಾಕಿ ಉಳಿದರೆ ಎನ್‌ಪಿಎ. ಒಂದು ವರ್ಷಕ್ಕಿಂತ ಉದ್ದದ ಹಂಗಾಮಿನ ಬೆಳೆಗಾದರೆ ಒಂದೇ ಹಂಗಾಮು. ನಿಮ್ಮ ಅಪ್ಪನ ಸಾಲ ಯಾವುದರಲ್ಲಿ ಬರೆದಿದೆ ಅಂತ ಶಾಖೆಯಲ್ಲಿ ಕೇಳಿ, ಬಾಯಿಮಾತಿನ ಉತ್ತರ ಬೇಡ, ಬರೆಸಿಕೊಳ್ಳಿ. ಸರ್ಕಾರ ಪ್ರಕೃತಿ ವಿಕೋಪ ಅಂತ ಘೋಷಿಸಿದರೆ ಕಂತು ಮುಂದೂಡುವ ಅವಕಾಶವೂ ಇರುತ್ತದೆ. ಆದರೆ ಅವಧಿ ಮೀರುವ ಮೊದಲೇ ಹೋಗಿ ಮಾತಾಡಬೇಕು. ಮೀರಿದ ಮೇಲೆ ಹೋದರೆ ಮ್ಯಾನೇಜರ್ ಕೈಯಲ್ಲೂ ಜಾಸ್ತಿ ಏನೂ ಉಳಿದಿರುವುದಿಲ್ಲ. ದಯವಿಟ್ಟು ಈ ವಾರವೇ ಹೋಗಿ.

ಕೊಪ್ಪದ_ಹುಡುಗಿ

ಸೋಮವಾರ ಹೋಗ್ತೀವಿ. ತುಂಬ ಥ್ಯಾಂಕ್ಸ್ ಸರ್.

ಟ್ರೇಡಿಂಗ್_ಶಿವಮೊಗ್ಗ

ಷೇರಿನ ಸ್ಲಿಪ್ಪೇಜ್ ಬಗ್ಗೆ ಯಾರೂ ಬರೆದಿಲ್ಲ, ನಾನು ಹೇಳುತ್ತೇನೆ. ಅಡಿಕೆ ಮಂಡಿಯಲ್ಲಿ ರಾಶಿಗೆ ಬೆಳಿಗ್ಗೆ ಒಂದು ದರ ಕೇಳಿಕೊಂಡು ಹೋಗುತ್ತೀರಿ. ನಿಮ್ಮ ಮೂಟೆ ಇಳಿಸುವ ಹೊತ್ತಿಗೆ ಆ ದರಕ್ಕೆ ಕೊಳ್ಳುವವನು ಬೇಕಾದಷ್ಟು ಕೊಂಡು ಎದ್ದಿರುತ್ತಾನೆ. ಮುಂದಿನವನು ಕೇಳುವುದು ಕಡಿಮೆ ದರಕ್ಕೆ. ಷೇರಿನಲ್ಲೂ ಆಗುವುದು ಅದೇ, ಇಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಬಿಡುತ್ತದೆ.

ಲೆಕ್ಕ ಹಾಕಿ ನೋಡಿ. ಪರದೆಯ ಮೇಲೆ 100 ರೂಪಾಯಿ ತೋರಿಸುತ್ತಿದೆ. ನೀವು 200 ಷೇರಿಗೆ ಮಾರ್ಕೆಟ್ ಆರ್ಡರ್, ಅಂದ್ರೆ ಸಿಕ್ಕ ಬೆಲೆಗೆ ಕೊಡಿ ಅನ್ನುವ ಆರ್ಡರ್, ಹಾಕಿದಿರಿ. ಆದರೆ 100ಕ್ಕೆ ಮಾರಲು ಇದ್ದದ್ದು 50 ಷೇರು. ಮುಂದಿನ 50 ಸಿಕ್ಕಿದ್ದು 100.40ಕ್ಕೆ. ಉಳಿದ 100 ಸಿಕ್ಕಿದ್ದು 101ಕ್ಕೆ. ಸರಾಸರಿ 100.60 ಬಿತ್ತು. ಒಂದು ಷೇರಿಗೆ 60 ಪೈಸೆ, ಒಟ್ಟು 120 ರೂಪಾಯಿ ಜಾಸ್ತಿ ಹೋಯಿತು.

ಹೊಸಬ_ಷೇರು

ಅದು ಬ್ರೋಕರೇಜ್ ಅಲ್ವಾ?

ಟ್ರೇಡಿಂಗ್_ಶಿವಮೊಗ್ಗ

ಅಲ್ಲ. ಬ್ರೋಕರೇಜ್ ಬಿಲ್ಲಿನಲ್ಲಿ ಬೇರೆ ಸಾಲಾಗಿ ಕಾಣುತ್ತದೆ. ಸ್ಲಿಪ್ಪೇಜ್ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ನೀವೇ ನೋಡಿದ ಬೆಲೆ ಬರೆದಿಟ್ಟುಕೊಂಡು, ಸಿಕ್ಕ ಬೆಲೆಯ ಜೊತೆ ಹೋಲಿಸಬೇಕು. ದಿನಕ್ಕೆ ಹತ್ತಾರು ಸಲ ಕೊಟ್ಟು ಕೊಳ್ಳುವ ಹುಡುಗರು ಇದನ್ನು ನೋಡುವುದೇ ಇಲ್ಲ, ದುಡ್ಡು ಎಲ್ಲಿ ಹೋಯಿತು ಅಂತ ಆಮೇಲೆ ಕೇಳುತ್ತಾರೆ. ಅದನ್ನು ನೋಡಿ ನನಗೆ ಬೇಸರ ಆಗುತ್ತದೆ.

ಲಿಮಿಟ್ ಆರ್ಡರ್ ಹಾಕಿದರೆ ನೀವು ಹೇಳಿದ ಬೆಲೆಗಿಂತ ಕೆಟ್ಟ ಬೆಲೆ ಬರುವುದಿಲ್ಲ. ಆದರೆ ವ್ಯವಹಾರ ಆಗದೆಯೇ ಉಳಿಯಬಹುದು. ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಲೇಬೇಕು. ಮುಂದೊಂದು ದಿನ ಗೊತ್ತಾದ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕನ್ನೇ ಕೊಟ್ಟು ಕೊಳ್ಳುವುದು ಆಪ್ಷನ್. ವ್ಯವಹಾರ ತೆಳುವಾಗಿರುವ ಆಪ್ಷನ್‌ಗಳಲ್ಲಿ ಇದು ತುಂಬ ಕೆಟ್ಟದಾಗಿ ಹೊಡೆಯುತ್ತದೆ. ಆಪ್ಷನ್‌ಗಳಲ್ಲಿ ಬೆಲೆ ಇಷ್ಟು ಮುಟ್ಟಿದರೆ ಸಿಕ್ಕ ಬೆಲೆಗೆ ಮುಗಿಸಿಬಿಡು ಅನ್ನುವ, ಮಾರ್ಕೆಟ್ ಬೆಲೆಯ ಸ್ಟಾಪ್‌ಲಾಸ್ ಆರ್ಡರನ್ನು ಷೇರುಪೇಟೆ ಎನ್‌ಎಸ್‌ಇ 2021ರಲ್ಲಿ ನಿಲ್ಲಿಸಿಬಿಟ್ಟಿತು.

ಲೆಕ್ಕಾಚಾರ_ಭದ್ರಾವತಿ

ಒಂದು ಸೇರಿಸುತ್ತೇನೆ. ಸ್ಲಿಪ್ಪೇಜ್ ಯಾವಾಗಲೂ ನಷ್ಟವೇ ಅಲ್ಲ. ಕೊಳ್ಳುವಾಗ ಬೆಲೆ ಆ ಕ್ಷಣದಲ್ಲಿ ಇಳಿದರೆ ನಿಮಗೆ ಅಗ್ಗಕ್ಕೂ ಸಿಗಬಹುದು. ಬೆಲೆ ಬೇಗ ಓಡುವಾಗ ಎರಡೂ ಕಡೆ ಆಗುತ್ತದೆ.

ಅಡಿಕೆ_ಸುಲಿಯೋರು

ಹಸಿ ಅಡಿಕೆ ಒಣಗಿಸಿದಾಗ ತೂಕ ಹೋಗುತ್ತದಲ್ಲ, ಅದನ್ನೂ ಸ್ಲಿಪ್ಪೇಜ್ ಅನ್ನಬಹುದಾ?

ಲೆಕ್ಕಾಚಾರ_ಭದ್ರಾವತಿ

ಬೇಡ. ಒಣಗಿದರೆ ತೂಕ ಇಳಿಯುವುದು ಪ್ರಕೃತಿ, ಅದು ಮೊದಲೇ ಗೊತ್ತಿರುವ ಇಳಿಕೆ. ನಡುವೆ ಅಡಿಕೆ ಸೋರಿಹೋದರೆ, ಕಳುವಾದರೆ ಅದಕ್ಕೂ ಬೇರೆ ಹೆಸರಿದೆ. ಹಿಡಿದಿದ್ದು ಹಿಡಿತ ಬಿಟ್ಟರೆ, ಇಟ್ಟ ಗುರಿಯಿಂದ ಹಿಂದೆ ಬಿದ್ದರೆ ಮಾತ್ರ ಸ್ಲಿಪ್ಪೇಜ್ ಅನ್ನಿ. ಎಲ್ಲದಕ್ಕೂ ಒಂದೇ ಪದ ಹಚ್ಚಿದ್ದಕ್ಕೇ ಗ್ರಾಮಸಭೆಯಲ್ಲಿ ಇವರು ಬಾಯಿ ಕಟ್ಟಿ ಕೂರಬೇಕಾಯಿತು.

ಮೋಟರ್_ವೈಂಡಿಂಗ್_ಸಾಗರ

ನಿಮ್ಮ ಈ ಮಾತಿಗೆ ನನ್ನ ತಕರಾರಿದೆ. ‘ಹಿಂದೆ ಬಿದ್ದರೆ’ ಅಂದ ಕೂಡಲೇ ತಪ್ಪು ಅನ್ನುವ ಹಾಗೆ ಕೇಳುತ್ತದೆ. ನಿಮ್ಮ ತೋಟದ ಪಂಪ್‌ಸೆಟ್ ಮೋಟರಿನ ಫಲಕ ನೋಡಿ. 1440 ಅಂತ ಬರೆದಿರುತ್ತದೆ. ನಾಲ್ಕು ಪೋಲಿನ ಮೋಟರಿನಲ್ಲಿ 50 ಹರ್ಟ್ಜ್‌ಗೆ ಅಯಸ್ಕಾಂತ ಕ್ಷೇತ್ರ ತಿರುಗುವುದು ನಿಮಿಷಕ್ಕೆ 1500 ಸಲ. ಒಳಗೆ ತಿರುಗುವ ಭಾಗ, ಅಂದ್ರೆ ರೋಟರ್, ತಿರುಗುವುದು 1440. ಆ 60ರ ವ್ಯತ್ಯಾಸವೇ ಸ್ಲಿಪ್, ಶೇ. 4. ಈ ಸ್ಲಿಪ್ ಇಲ್ಲದಿದ್ದರೆ ರೋಟರಿನಲ್ಲಿ ಕರೆಂಟೇ ಹುಟ್ಟುವುದಿಲ್ಲ, ಬಲವೂ ಹುಟ್ಟುವುದಿಲ್ಲ. ಹಿಂದೆ ಬೀಳುವುದರಿಂದಲೇ ಅದು ನೀರು ಎತ್ತುತ್ತದೆ.

ತೊಂದರೆ ಶುರುವಾಗುವುದು ಸ್ಲಿಪ್ ಮಿತಿ ಮೀರಿದಾಗ. ಲೈನಿನ ಕೊನೆಯಲ್ಲಿರುವ ಹಳ್ಳಿಗಳಲ್ಲಿ ವೋಲ್ಟೇಜ್ ಬೀಳುತ್ತದೆ. ಮೋಟರಿನ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ವೋಲ್ಟೇಜ್ ಶೇ. 10 ಬಿದ್ದರೆ ಬಲ ಶೇ. 81ಕ್ಕೆ ಬಂತು. ಹೊರೆ ಮಾತ್ರ ಅಷ್ಟೇ ಇದೆ. ಸ್ಲಿಪ್ ಏರುತ್ತದೆ, ಕರೆಂಟ್ ಏರುತ್ತದೆ, ವೈಂಡಿಂಗ್ ಸುಡುತ್ತದೆ. ಬೇಸಿಗೆಯಲ್ಲಿ ನನ್ನ ಅಂಗಡಿಗೆ ಬರುವ ಮೋಟರುಗಳಲ್ಲಿ ಬಹಳಷ್ಟು ಹೀಗೆ ಸುಟ್ಟವೇ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಸರಿಯಾಗಿ ಹೊಂದಿಸಿ ಇಟ್ಟುಕೊಳ್ಳಿ. ಅದನ್ನು ಕಿತ್ತು ನೇರ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಲೆಕ್ಕಾಚಾರ_ಭದ್ರಾವತಿ

ಮೋಟರಿನ ಸ್ಲಿಪ್ ಬೇರೆ, ಬೆಲ್ಟಿನ ಸ್ಲಿಪ್ಪೇಜ್ ಬೇರೆ. ಅಕ್ಕಿ ಗಿರಣಿಯಲ್ಲಿ ಬೆಲ್ಟ್ ಜಾರಿದರೆ ಅದು ಬರೀ ಶಾಖ ಮತ್ತು ಸವೆತ. ಅದರಿಂದ ಏನೂ ಲಾಭ ಇಲ್ಲ.

ಮೋಟರ್_ವೈಂಡಿಂಗ್_ಸಾಗರ

ಒಪ್ಪಿದೆ. ಆದರೆ ಟ್ರ್ಯಾಕ್ಟರ್ ಚಕ್ರ? ಗಟ್ಟಿ ನೆಲದಲ್ಲಿ ಉಳುವಾಗ ಶೇ. 8ರಿಂದ 15ರವರೆಗೆ ಚಕ್ರ ಜಾರಿದರೇನೇ ಎಳೆತ ಚೆನ್ನಾಗಿರುತ್ತದೆ. ಅದಕ್ಕಿಂತ ಕಡಿಮೆ ಜಾರಿದರೆ ಸುಮ್ನೆ ಜಾಸ್ತಿ ಭಾರ ಹೊತ್ತು ತಿರುಗುತ್ತಿದೆ ಅಂತ ಅರ್ಥ.

ಜೋಗದ_ಹಳಬ

ಶರಾವತಿ ವಿದ್ಯುದಾಗಾರದಲ್ಲಿ ಕೆಲಸ ಮಾಡಿದವನು ನಾನು. 103.5 ಮೆಗಾವ್ಯಾಟಿನ ಹತ್ತು ಯಂತ್ರ, ಒಟ್ಟು 1035. ಅಲ್ಲಿ ಸ್ಲಿಪ್ಪಿಗೆ ಜಾಗವೇ ಇಲ್ಲ. ಜನರೇಟರುಗಳು ಗ್ರಿಡ್ ಜೊತೆ ಸರಿಸಮ ಹೆಜ್ಜೆ ಹಾಕಬೇಕು. ಒಂದು ಯಂತ್ರ ಹೆಜ್ಜೆ ತಪ್ಪಿದರೆ ಅದಕ್ಕೆ ಪೋಲ್ ಸ್ಲಿಪ್ ಅನ್ನುತ್ತಾರೆ. ಶಾಫ್ಟ್ ಮೇಲೆ, ವೈಂಡಿಂಗ್ ಮೇಲೆ ಭಾರೀ ಒತ್ತಡ ಬೀಳುತ್ತದೆ. ತಕ್ಷಣ ಗ್ರಿಡ್‌ನಿಂದ ಬಿಡಿಸಬೇಕು. ಸಾಗರದವರ ಮೋಟರಿಗೆ ಸ್ಲಿಪ್ ಬೇಕೇ ಬೇಕು, ಅದಕ್ಕೆ ಕರೆಂಟ್ ಕೊಡುವ ನಮ್ಮ ಯಂತ್ರಕ್ಕೆ ಸ್ಲಿಪ್ ಬರಲೇಬಾರದು. ಎಷ್ಟು ತಡೆದುಕೊಳ್ಳಬಹುದು ಅನ್ನುವುದನ್ನು ಕೆಲಸವೇ ಹೇಳಬೇಕು.

ಘಾಟಿ_ಡ್ರೈವರ್

ಕ್ಲಚ್ ಮರೆತಿರಾ? ಆಗುಂಬೆ ಘಾಟಿಯಲ್ಲಿ 14 ತಿರುವು. ಉಡುಪಿ ಕಡೆಯಿಂದ ಹತ್ತುವಾಗ ಹಾಫ್ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುವವರು ಇದ್ದಾರೆ. ಎಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಅದೇ ಕ್ಲಚ್ ಸ್ಲಿಪ್. ನಿಲ್ಲಬೇಕಾದರೆ ಹ್ಯಾಂಡ್‌ಬ್ರೇಕ್ ಹಾಕಿ.

ಕೊಪ್ಪದ_ಹುಡುಗಿ

ಡ್ರೈವಿಂಗ್ ಕಲಿಯುತ್ತಿದ್ದೇನೆ, ಇದು ಉಪಯೋಗ ಆಯ್ತು.

ಧರೆ_ಕೆಳಗಿನ_ಮನೆ

ನನಗೆ ಈ ಪದ ಕೇಳಿದರೆ ಮೊದಲು ಧರೆ, ಅಂದ್ರೆ ಮನೆ ಪಕ್ಕದ ಕಡಿದ ಗುಡ್ಡದ ಗೋಡೆ, ನೆನಪಾಗುತ್ತದೆ. ಗುಡ್ಡ ಕಡಿದು ಮನೆ ಕಟ್ಟಿದವರು ನಾವು. ಪ್ರತಿ ಜುಲೈ ಅದೇ ಭಯ. ಉತ್ತರ ಕನ್ನಡದ ಶಿರೂರಿನಲ್ಲಿ 2024ರ ಜುಲೈ 16ಕ್ಕೆ ಹೆದ್ದಾರಿಯ ಮೇಲೆ ಗುಡ್ಡ ಬಂತು, ಗಂಗಾವಳಿ ನದಿವರೆಗೂ ಹೋಯಿತು. ಅದೇ ತಿಂಗಳ 30ಕ್ಕೆ ವಯನಾಡು.

ಗುಡ್ಡ ಒಮ್ಮೆಲೇ ಬರುತ್ತದೆ ಅಂದುಕೊಳ್ಳುತ್ತೇವೆ. ಎಷ್ಟೋ ಕಡೆ ಮೊದಲು ನಿಧಾನವಾಗಿ ಜಾರುತ್ತಿರುತ್ತದೆ. ಧರೆಯ ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಬಿಡುತ್ತದೆ. ಮರ, ಬೇಲಿ ಕಂಬ ವಾಲುತ್ತವೆ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಎಂದೂ ಇಲ್ಲದ ಕಡೆ ಜಲ ಒಡೆದು ಕೆಸರು ನೀರು ಬರುತ್ತದೆ. ಇವುಗಳಲ್ಲಿ ಯಾವುದನ್ನು ಕಂಡರೂ ಮಳೆ ನಿಲ್ಲಲಿ ಅಂತ ಕಾಯಬೇಡಿ. ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಧರೆಯ ಮೇಲಿನ ನೀರು ಬಿರುಕಿಗೆ ಇಳಿಯದ ಹಾಗೆ ಚರಂಡಿ ತಿರುಗಿಸುವುದು ಬೇಸಿಗೆಯಲ್ಲೇ ಆಗಬೇಕಾದ ಕೆಲಸ.

ಸೈಟ್_ಎಂಜಿನಿಯರ್_ಶಿವಮೊಗ್ಗ

ಇದು ಕಾಲುಸಂಕಕ್ಕೂ ಬಂತು ನೋಡಿ. ತೀರ್ಥಹಳ್ಳಿಯವರೇ, ಗುಂಡಿ ತೋಡಿ ಒಂದು ಮಳೆಗಾಲ ಹಾಗೇ ಬಿಟ್ಟಿದ್ದಾರೆ ಅಂದಿರಿ. ದಡದ ಮಣ್ಣು ಜಾರಿದೆಯಾ? ಗುಂಡಿಯ ಗೋಡೆ ಕುಸಿದಿದೆಯಾ? ಹಾಗಾಗಿದ್ದರೆ ಅದರ ಮೇಲೆ ನೇರ ಕಾಂಕ್ರೀಟ್ ಹಾಕಲು ಬಿಡಬೇಡಿ. ಸಡಿಲ ಮಣ್ಣು ತೆಗೆದು ಗಟ್ಟಿ ತಳ ಸಿಗುವವರೆಗೆ ಹೋಗಬೇಕು. ಕಬ್ಬಿಣಕ್ಕೆ ಹಿಡಿದ ತುಕ್ಕು ಉಜ್ಜಬೇಕು, ಚಕ್ಕೆ ಏಳುವಷ್ಟು ಕೊರೆದಿದ್ದರೆ ಬದಲಿಸಬೇಕು. ತಡ ಅಂದ್ರೆ ದಿನ ಮಾತ್ರ ಹೋಗುವುದಲ್ಲ, ಮಾಡಿದ ಕೆಲಸವೂ ಕೆಡುತ್ತದೆ.

ತೋಟದವ_ತೀರ್ಥಹಳ್ಳಿ

ಈಗಷ್ಟೇ ಹೋಗಿ ನೋಡಿ ಬಂದೆ. ಆಚೆ ದಡದ ಗುಂಡಿಗೆ ಮಣ್ಣು ಬಿದ್ದಿದೆ. ಕಬ್ಬಿಣ ಕೆಂಪಾಗಿದೆ. ಫೋಟೊ ತೆಗೆದಿದ್ದೇನೆ.

ಪತ್ರ ಬರೆಯುತ್ತಿದ್ದೇನೆ. ಒಪ್ಪಂದದ ಪ್ರಕಾರ ಶುರುವಾಗುವ ಮತ್ತು ಮುಗಿಯುವ ದಿನ ಯಾವುದು, ಇವತ್ತಿಗೆ ಯಾವ ಹಂತ ಆಗಿರಬೇಕಿತ್ತು, ಎಷ್ಟು ಆಗಿದೆ, ತಡಕ್ಕೆ ಯಾರ ಕಡೆಯ ಯಾವ ಕಾರಣ, ಅವಧಿ ವಿಸ್ತರಣೆ ಕೊಟ್ಟಿದ್ದರೆ ಅದರ ಪ್ರತಿ, ಸ್ಲ್ಯಾಬ್ ಯಾವ ತಾರೀಕಿಗೆ. ಇನ್ನೇನು ಸೇರಿಸಲಿ?

ಸಣ್ಣ_ಗುತ್ತಿಗೆ_ಹೊಸನಗರ

ಗುತ್ತಿಗೆದಾರರಿಗೆ ಇವತ್ತಿನವರೆಗೆ ಎಷ್ಟು ಬಿಲ್ ಪಾವತಿ ಆಗಿದೆ, ಎಷ್ಟು ಬಾಕಿ ಇದೆ ಅಂತಲೂ ಕೇಳಿ. ಆಗ ಇಬ್ಬರ ಕಥೆಯೂ ಹೊರಗೆ ಬರುತ್ತದೆ.

ಲೆಕ್ಕಾಚಾರ_ಭದ್ರಾವತಿ

ಅಳತೆ ಪುಸ್ತಕದ ದೃಢೀಕೃತ ಪ್ರತಿ ಕೇಳಿ. ಮಾಡಿದ ಕೆಲಸದ ಅಳತೆ ಅದರಲ್ಲೇ ಇರುತ್ತದೆ. ಪತ್ರಕ್ಕೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. 2005ರ ಆ ಕಾಯ್ದೆಯಲ್ಲಿ ಕಾಗದ ಕೇಳುವ ಹಕ್ಕು ಮಾತ್ರ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಮಾದರಿ ತೆಗೆದುಕೊಳ್ಳುವ ಹಕ್ಕೂ ಇದೆ.

ಧರೆ_ಕೆಳಗಿನ_ಮನೆ

30 ದಿನ ಕಾಯುತ್ತಾ ಕೂತರೆ ಏಪ್ರಿಲ್ ಹೋಗುತ್ತದೆ. ಪತ್ರ ಮತ್ತು ಅರ್ಜಿ ಎರಡನ್ನೂ ಒಟ್ಟಿಗೇ ಕೊಡಿ.

ಅಡಿಕೆ_ಸುಲಿಯೋರು

ಹಳೆಯ ಸಂಕಕ್ಕೆ ಎರಡೂ ಕಡೆ ಕೈಹಿಡಿಕೆ ಕಟ್ಟುವುದಕ್ಕೆ ಪಂಚಾಯಿತಿಯಿಂದ ಈಗಲೇ ಕೇಳಿ. ಹೊಸದು ಆಗುತ್ತದೋ ಇಲ್ಲವೋ, ಮಕ್ಕಳು ಜೂನ್‌ನಲ್ಲಿ ಅದರ ಮೇಲೆಯೇ ಬರಬೇಕು.

ತೋಟದವ_ತೀರ್ಥಹಳ್ಳಿ

ಇದು ಪತ್ರದ ಮೊದಲ ಸಾಲಿಗೇ ಹೋಗಲಿ. ನಾಳೆ ಆಚೆ ದಡದ ಮನೆಯವರ ಸಹಿ ತೆಗೆದುಕೊಂಡು ಪಂಚಾಯಿತಿಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರುತ್ತೇನೆ.